ಕಾಲೇಜು ಲೈಬ್ರರಿಯಿಂದ ಗಣಿತ ಸಂಶೋಧನೆ: ಧಾರವಾಡದ ಕಡೆ ಏನು ಸಿಗುತ್ತದೆ, ಎಲ್ಲಿ ಕೈಕೊಡುತ್ತದೆ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಎಂಎಸ್ಸಿ ಪ್ರಾಜೆಕ್ಟ್ ಮಾಡುವವರು, ಪಿಎಚ್‌ಡಿಗೆ ಹೆಸರು ಹಚ್ಚಿದವರು, ಪಾಠ ಮಾಡುತ್ತಲೇ ಸಂಶೋಧನೆ ನಡೆಸುವ ಅಧ್ಯಾಪಕರು ಗಣಿತದ ಒಂದು ಪೇಪರ್ ಬೇಕಾದಾಗ ಮೊದಲು ಗೂಗಲ್ ನೋಡುತ್ತಾರೆ. ಅಲ್ಲಿ ದುಡ್ಡು ಕೇಳಿದರೆ ಗೈಡ್ ಹತ್ತಿರ ಹೋಗುತ್ತಾರೆ. ಲೈಬ್ರರಿಯ ನೆನಪಾಗುವುದು ಎಲ್ಲ ಮುಗಿದ ಮೇಲೆ. "ಸರ, ಪಿಡಿಎಫ್ ಸಿಗವಲ್ದು" ಎಂದು ಕೌಂಟರ್ ಮುಂದೆ ನಿಲ್ಲುವ ಹೊತ್ತಿಗೆ ಕೈಯಲ್ಲಿರುವುದು ಅರ್ಧ ಶೀರ್ಷಿಕೆ, ವರ್ಷವಿಲ್ಲದ ಒಂದು ಹೆಸರು. ಹಾಗಾಗಿ ಸೇವೆಯೂ ಅರ್ಧಂಬರ್ಧ ಎನಿಸುತ್ತದೆ. ಸಾಧಾರಣ ಪದವಿ ಕಾಲೇಜಿನ ಲೈಬ್ರರಿಯ ಮೂಲಕ ಗಣಿತ ಸಂಶೋಧನೆಗೆ ನಿಜವಾಗಿ ಎಷ್ಟು ದೂರ ಹೋಗಬಹುದು ಎಂಬುದನ್ನು ಇಲ್ಲಿ ಅಳೆದಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಯಾವ ಪೇಪರ್ ಬೇಕು ಎಂದು ಪತ್ತೆ ಹಚ್ಚಲು ಐದಕ್ಕೆ ನಾಲ್ಕು ಅಂಕ, ಆ ಪೇಪರನ್ನು ಪರದೆಯ ಮೇಲೆ ತೆರೆಯಲು ಮೂರು, ಹಳೆಯ ಲೇಖನ ತರಿಸಿಕೊಡುವ ಕೌಂಟರ್ ಸೇವೆಗೆ, ಕೇಳುವವರು ಸರಿಯಾಗಿ ಕೇಳಿದರೆ, ಪೂರ್ತಿ ಐದು.

ಕಪಾಟಿನ ಮಾತು ಬೇಗ ಮುಗಿಯುತ್ತದೆ. ಪುಸ್ತಕಗಳನ್ನು ವಿಷಯವಾರು ಜೋಡಿಸುವ ಡ್ಯೂಯಿ ಸಂಖ್ಯೆ 510ರಿಂದ 519ರ ತನಕದ ಸಾಲಿನಲ್ಲಿ ಬಿಎಸ್ಸಿ ಪಠ್ಯಗಳ ಹತ್ತಾರು ಪ್ರತಿಗಳು, ಅವುಗಳ ಗೈಡುಗಳು ಇರುತ್ತವೆ. 511.5ರಲ್ಲಿ ಗ್ರಾಫ್ ಥಿಯರಿ, 512ರಲ್ಲಿ ಬೀಜಗಣಿತ, 514ರಲ್ಲಿ ಟೋಪಾಲಜಿ, 515ರಲ್ಲಿ ವಿಶ್ಲೇಷಣೆ. ವ್ಯಾಖ್ಯೆಯನ್ನು ಸರಿಯಾಗಿ ತಿಳಿಯಲು ಇವು ಸಾಕು, ಸಂಶೋಧನೆಗೆ ಸಾಲವು. ಅಲ್ಲಿಂದ ಮುಂದಿನದೆಲ್ಲ ಲಾಗಿನ್ ಮೇಲೆ, ಮತ್ತು ಲೈಬ್ರರಿಯನ್ ಅವರ ಮೇಲೆ ನಿಂತಿದೆ.

ಲಾಗಿನ್ ಎಂದರೆ ಮುಖ್ಯವಾಗಿ ಎನ್-ಲಿಸ್ಟ್. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಈ ವ್ಯವಸ್ಥೆ ಚಂದಾ ಜರ್ನಲ್ ಮತ್ತು ಪುಸ್ತಕಗಳನ್ನು ಆನ್‌ಲೈನ್‌ನಲ್ಲಿ ಓದಲು 2010ರಿಂದ ಕಾಲೇಜುಗಳಿಗಿದೆ. ವಿದ್ಯಾರ್ಥಿ ತಾನೇ ಹೋಗಿ ಖಾತೆ ತೆರೆಯಲು ಬರುವುದಿಲ್ಲ. ಕಾಲೇಜು ಸದಸ್ಯನಾಗಿರಬೇಕು, ಲೈಬ್ರರಿಯನ್ ತಮ್ಮ ಅಡ್ಮಿನ್ ಪುಟದಿಂದ ನಿಮ್ಮ ಹೆಸರು, ವಿಭಾಗ, ಇಮೇಲ್ ಸೇರಿಸಬೇಕು, ಆಮೇಲೆ ಯೂಸರ್ ಐಡಿ ಮತ್ತು ಪಾಸ್‌ವರ್ಡ್ ಮೇಲ್‌ಗೆ ಬರುತ್ತದೆ. ಇಲ್ಲಿ ಎಡವುವ ಜಾಗಗಳು ಮೂರು. ಇಮೇಲ್ ವಿಳಾಸದ ಒಂದು ಅಕ್ಷರ ತಪ್ಪಿದರೆ ಪಾಸ್‌ವರ್ಡ್ ಎಲ್ಲೋ ಹೋಗುತ್ತದೆ, ಆದ್ದರಿಂದ ವಿಳಾಸವನ್ನು ಬಾಯಲ್ಲಿ ಹೇಳದೆ ಬರೆದು ಕೊಡಿ. ಬಂದ ಮೇಲ್ ಸ್ಪ್ಯಾಮ್ ಫೋಲ್ಡರಿನಲ್ಲಿ ಕೂತಿರುವುದು ಸಾಮಾನ್ಯ. ಮೂರನೆಯದು ಕಾಲೇಜಿನ ಸದಸ್ಯತ್ವ: ಅದು ವರ್ಷಕ್ಕೊಮ್ಮೆ ನವೀಕರಣವಾಗಬೇಕು, ಆಫೀಸಿನಲ್ಲಿ ಆ ಕಾಗದ ತಡವಾದರೆ ಕಾಲೇಜಿನ ಎಲ್ಲರ ಲಾಗಿನ್ ಒಟ್ಟಿಗೆ ನಿಲ್ಲುತ್ತದೆ. ನಿಮ್ಮ ಪಾಸ್‌ವರ್ಡ್ ಕೆಲಸ ಮಾಡದಿದ್ದರೆ ಪಕ್ಕದವರದ್ದು ನಡೆಯುತ್ತಿದೆಯೇ ಎಂದು ಮೊದಲು ಕೇಳಿ, ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಲಾಗಿನ್ ಆದ ಮೇಲೂ ಒಂದು ತಪ್ಪು ಬಹಳ ನಡೆಯುತ್ತದೆ. ಎನ್-ಲಿಸ್ಟ್ ಪುಟವನ್ನು ಒಂದು ಕಿಟಕಿಯಲ್ಲಿ ತೆರೆದಿಟ್ಟು, ಇನ್ನೊಂದರಲ್ಲಿ ಗೂಗಲ್‌ನಿಂದ ಪ್ರಕಾಶಕರ ತಾಣಕ್ಕೆ ಹೋದರೆ ಅದು ನಿಮ್ಮನ್ನು ಹೊರಗಿನವರೆಂದೇ ತಿಳಿದು ಬೆಲೆ ತೋರಿಸುತ್ತದೆ. ಎನ್-ಲಿಸ್ಟ್ ಒಳಗಿನ ಪಟ್ಟಿಯಿಂದಲೇ ಆ ಪ್ರಕಾಶಕರ ಕೊಂಡಿ ಒತ್ತಬೇಕು, ಆ ಕಿಟಕಿಯೊಳಗೇ ಹುಡುಕಬೇಕು. ಇನ್ನು, ಒಂದು ಜರ್ನಲ್‌ನ ಇಡೀ ಸಂಪುಟವನ್ನು ಒಂದೇ ಕೂತಲ್ಲಿ ಇಳಿಸಿಕೊಳ್ಳಲು ಹೋಗಬೇಡಿ. ಪ್ರಕಾಶಕರ ಯಂತ್ರ ಅದನ್ನು ಗುರುತಿಸಿ ತಡೆ ಹಾಕುತ್ತದೆ, ಅದರ ಬಿಸಿ ಇಡೀ ಕಾಲೇಜಿಗೆ ತಟ್ಟುತ್ತದೆ.

ಸರ್ಕಾರಿ ಸಂಸ್ಥೆಗಳಲ್ಲಿ ಇರುವವರಿಗೆ ಈಗ ಇನ್ನೊಂದು ದಾರಿಯಿದೆ. ಒಂದು ರಾಷ್ಟ್ರ ಒಂದು ಚಂದಾ ಯೋಜನೆ 2025ರ ಜನವರಿ 1ರಿಂದ ಜಾರಿಯಲ್ಲಿದೆ. 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಎಲ್ಸೆವಿಯರ್, ಸ್ಪ್ರಿಂಗರ್, ವೈಲಿ, ಟೇಲರ್ ಅಂಡ್ ಫ್ರಾನ್ಸಿಸ್, ಕೇಂಬ್ರಿಜ್, ಆಕ್ಸ್‌ಫರ್ಡ್ ಎಲ್ಲ ಅದರೊಳಗಿವೆ ಎಂದ ಮೇಲೆ ಗಣಿತದ ದೊಡ್ಡ ಪಾಲು ಬಂದಂತೆಯೇ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಎಷ್ಟೋ ಅಧ್ಯಾಪಕರು ಇದನ್ನು ಇನ್ನೂ ಬಳಸಿ ನೋಡಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ. ಕ್ಯಾಂಪಸ್ಸಿನ ಇಂಟರ್ನೆಟ್‌ನಲ್ಲಿ ನೇರವಾಗಿ, ಹೊರಗಿದ್ದರೆ ನಿಮ್ಮ ಸಂಸ್ಥೆಯ ಗುರುತಿನಿಂದ ಒಳಹೋಗುವ ಇನ್‌ಫೆಡ್ ಲಾಗಿನ್ ಮೂಲಕ ತೆರೆಯಬಹುದು. ಒಂದು ಎಚ್ಚರ: ಇದು ಜರ್ನಲ್‌ಗಳ ಯೋಜನೆ, ಪುಸ್ತಕಗಳು ಇದರಲ್ಲಿಲ್ಲ. ಇನ್ನೊಂದು: ಮೊಬೈಲ್ ಡೇಟಾ ಹಚ್ಚಿಕೊಂಡು ಕ್ಯಾಂಪಸ್ಸಿನೊಳಗೆ ಕೂತರೆ ನೀವು ಕ್ಯಾಂಪಸ್ಸಿನಲ್ಲಿದ್ದೀರಿ ಎಂದು ಪ್ರಕಾಶಕರಿಗೆ ಗೊತ್ತಾಗುವುದಿಲ್ಲ, ಕಾಲೇಜಿನ ವೈಫೈ ಅಥವಾ ಲೈಬ್ರರಿಯ ಕಂಪ್ಯೂಟರೇ ಬೇಕು.

ಇಷ್ಟೆಲ್ಲ ಬಾಗಿಲು ತೆರೆಯುವ ಮಾತಾಯಿತು. ಗಣಿತದಲ್ಲಿ ಅಸಲು ಕೆಲಸ ಇರುವುದು ಹುಡುಕಾಟದಲ್ಲಿ, ಮತ್ತು ಅದಕ್ಕೆ ಲಾಗಿನ್ನೇ ಬೇಕಿಲ್ಲ. ಝಡ್‌ಬಿ-ಮ್ಯಾತ್ ಓಪನ್ ಎಂಬ ಜರ್ಮನಿಯ ಗಣಿತ ಪೇಪರುಗಳ ಸೂಚಿ 2021ರ ಜನವರಿಯಿಂದ ಎಲ್ಲರಿಗೂ ಉಚಿತ. 1931ರಲ್ಲಿ ಶುರುವಾದ ವಿಮರ್ಶಾ ಪತ್ರಿಕೆ ಅದು. ಅದಕ್ಕೂ ಹಿಂದಿನ ವಾರ್ಷಿಕ ಸೂಚಿಯನ್ನು ಸೇರಿಸಿಕೊಂಡಿರುವುದರಿಂದ 1868ರವರೆಗೆ ಹಿಂದಕ್ಕೆ ಹೋಗಬಹುದು. ವೈದ್ಯಕೀಯದಲ್ಲಿ ಹತ್ತು ವರ್ಷದ ಹಿಂದಿನ ಪೇಪರ್ ಹಳತಾಗಬಹುದು. ಗಣಿತದಲ್ಲಿ ಒಮ್ಮೆ ಸಿದ್ಧವಾದ ಪ್ರಮೇಯ ಇವತ್ತಿಗೂ ಸಿದ್ಧವೇ, ಹಾಗಾಗಿ ಇಷ್ಟು ಆಳದ ಸೂಚಿ ನಮಗೆ ನಿತ್ಯದ ಅಗತ್ಯ. ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಮ್ಯಾತ್‌ಸೈನೆಟ್ ಇದಕ್ಕೆ ಸಮನಾದದ್ದು, ಅದರ ಬೇರು 1940ರ ವಿಮರ್ಶಾ ಪತ್ರಿಕೆಯಲ್ಲಿದೆ. ಅದು ಚಂದಾದ ಸರಕು, ನಿಮ್ಮ ಲೈಬ್ರರಿಯ ಪಟ್ಟಿಯಲ್ಲಿದೆಯೇ ಎಂದು ಕೇಳಿ ನೋಡಿ. ಇಲ್ಲದಿದ್ದರೂ ಅದೇ ಸೊಸೈಟಿಯ ಎಂಆರ್ ಲುಕಪ್ ಎಂಬ ಉಚಿತ ಪುಟದಲ್ಲಿ ಲೇಖಕ, ಶೀರ್ಷಿಕೆ ಕೊಟ್ಟು ಒಂದು ಉಲ್ಲೇಖ ಸರಿಯಿದೆಯೇ ಎಂದು ತಾಳೆ ನೋಡಬಹುದು.

ಇವೆರಡನ್ನೂ ಗೂಗಲ್‌ನಂತೆ ಬಳಸಿದರೆ ಪ್ರಯೋಜನವಿಲ್ಲ. ಇವುಗಳ ಬಲವೆಲ್ಲ ವಿಷಯ ಸಂಕೇತದಲ್ಲಿದೆ. ಗಣಿತವನ್ನು 63 ದೊಡ್ಡ ವಿಭಾಗ ಮಾಡಿ, ಪ್ರತಿಯೊಂದನ್ನೂ ಮತ್ತೆ ಒಡೆದು ಐದು ಅಕ್ಷರದ ಸಂಕೇತ ಕೊಟ್ಟಿದ್ದಾರೆ. ಹತ್ತು ವರ್ಷಕ್ಕೊಮ್ಮೆ ಪರಿಷ್ಕರಣೆ, ಈಗಿರುವುದು 2020ರ ಆವೃತ್ತಿ. ಗ್ರಾಫ್ ಥಿಯರಿಯವರಿಗೆ 05ಸಿ. ಅದರೊಳಗೆ 05ಸಿ50 ಎಂದರೆ ಗ್ರಾಫ್ ಮತ್ತು ಮ್ಯಾಟ್ರಿಕ್ಸ್, ಐಗನ್ ಮೌಲ್ಯಗಳು. 05ಸಿ69 ಎಂದರೆ ಡಾಮಿನೇಟಿಂಗ್ ಸೆಟ್, ಇಂಡಿಪೆಂಡೆಂಟ್ ಸೆಟ್, ಕ್ಲಿಕ್ ಮುಂತಾದವು. 05ಸಿ09 ಎಂದರೆ ವೀನರ್, ಝಾಗ್ರೆಬ್ ಸೂಚ್ಯಂಕಗಳ ಬಗೆ. ನಮ್ಮ ಕಡೆ ಬಹಳ ಜನ ಕೆಲಸ ಮಾಡುವ ಈ ಕೊನೆಯದು 2020ರಲ್ಲಿ ಹೊಸದಾಗಿ ಬಂದ ಸಂಕೇತ. ಆದ್ದರಿಂದ ಬರೇ 05ಸಿ09 ಕೊಟ್ಟು ಹುಡುಕಿದರೆ ಹಳೆಯ ಕೆಲಸದ ಬಹುಪಾಲು ತಪ್ಪಿಹೋಗುತ್ತದೆ. ದೂರದ ವಿಷಯಕ್ಕಿರುವ 05ಸಿ12, ರಸಾಯನಶಾಸ್ತ್ರದ ಕಡೆಯ 92ಇ10 ಇವನ್ನೂ ನೋಡಲೇಬೇಕು. "ಈ ವಿಷಯದಲ್ಲಿ ಇದುವರೆಗೆ ಕೆಲಸ ಆಗಿಲ್ಲ" ಎಂದು ಸಿನಾಪ್ಸಿಸ್‌ನಲ್ಲಿ ಬರೆಯುವ ಮೊದಲು ಇದೊಂದು ಕೆಲಸ ಮಾಡಿದ್ದರೆ ಎಷ್ಟೋ ವೈವಾಗಳಲ್ಲಿ ತಲೆ ತಗ್ಗಿಸುವುದು ತಪ್ಪುತ್ತದೆ.

ಹುಡುಕುವ ಕ್ರಮ ಹೀಗೆ. ಝಡ್‌ಬಿ-ಮ್ಯಾತ್‌ನಲ್ಲಿ ಸಂಕೇತಕ್ಕೆ ಸಿಸಿ, ಲೇಖಕರಿಗೆ ಎಯು, ಶೀರ್ಷಿಕೆಗೆ ಟಿಐ, ವರ್ಷಕ್ಕೆ ಪಿವೈ ಎಂಬ ಎರಡೆರಡು ಅಕ್ಷರ ಬರೆದು, ಕೋಲನ್ ಹಾಕಿ, ಬೇಕಾದ್ದನ್ನು ಕೊಡಬೇಕು. ವರ್ಷವನ್ನು 1975-1990 ಎಂಬಂತೆ ಅವಧಿಯಾಗಿಯೂ ಕೊಡಬಹುದು. ಪದವನ್ನು ಪೂರ್ತಿ ಬರೆಯಬೇಡಿ. ಡಾಮಿನೇಶನ್ ಎಂಬುದರ ಮೊದಲ ಏಳು ಇಂಗ್ಲಿಷ್ ಅಕ್ಷರ ಬರೆದು ನಕ್ಷತ್ರ ಚಿಹ್ನೆ ಹಾಕಿದರೆ ಡಾಮಿನೇಶನ್, ಡಾಮಿನೇಟಿಂಗ್ ಎರಡೂ ಸಿಗುತ್ತವೆ. ಇಬ್ಬರು ಲೇಖಕರಲ್ಲಿ ಇಬ್ಬರ ಹೆಸರೂ ಗೊತ್ತಿದ್ದರೆ ಶೀರ್ಷಿಕೆಯೇ ಬೇಕಿಲ್ಲ. "ಗ್ರಾಫ್ ಎನರ್ಜಿ"ಯಂಥ ವಿಷಯಕ್ಕೆ ಸಂಕೇತ ಇಲ್ಲದೆ ಹೋದರೆ ಭೌತಶಾಸ್ತ್ರದ ರಾಶಿ ಮೈಮೇಲೆ ಬೀಳುತ್ತದೆ, 05ಸಿ50 ಸೇರಿಸಿದರೆ ಇವಾನ್ ಗುಟ್ಮನ್ 1978ರಲ್ಲಿ ಹೇಳಿದ ಎನರ್ಜಿಯ ಸಂತತಿಯಷ್ಟೇ ಉಳಿಯುತ್ತದೆ.

ಧಾರವಾಡದ್ದೇ ಒಂದು ಉದಾಹರಣೆ ಹಿಡಿದು ನೋಡೋಣ, ಏಕೆಂದರೆ ಗಣಿತದ ಹುಡುಕಾಟದ ಎಲ್ಲ ಕಷ್ಟವೂ ಅದರಲ್ಲಿದೆ. ಇ. ಸಂಪತ್‌ಕುಮಾರ್ ಮತ್ತು ಎಚ್. ಬಿ. ವಾಲೀಕಾರ್ 1979ರಲ್ಲಿ ಗ್ರಾಫಿನ ಕನೆಕ್ಟೆಡ್ ಡಾಮಿನೇಶನ್ ನಂಬರ್ ಕುರಿತು ಬರೆದ ಲೇಖನ. ಗ್ರಾಫ್ ಎಂದರೆ ಶೃಂಗಗಳೆಂಬ ಬಿಂದುಗಳು ಮತ್ತು ಅವನ್ನು ಜೋಡಿಸುವ ಗೆರೆಗಳು. ಅದರ ಕೆಲವು ಶೃಂಗಗಳನ್ನು ಆರಿಸಿಕೊಳ್ಳಬೇಕು, ಉಳಿದ ಪ್ರತಿ ಶೃಂಗಕ್ಕೂ ಇವುಗಳಲ್ಲೊಂದು ನೆರೆಯಾಗಿರಬೇಕು, ಆರಿಸಿದವು ತಮ್ಮತಮ್ಮಲ್ಲೇ ಜೋಡಿಕೊಂಡಿರಬೇಕು. ಹೀಗೆ ಆರಿಸಲು ಕನಿಷ್ಠ ಎಷ್ಟು ಶೃಂಗ ಬೇಕು ಎಂಬುದು ಪ್ರಶ್ನೆ. ಮುಂದೆ ವೈರ್‌ಲೆಸ್ ಜಾಲಗಳ ಬೆನ್ನೆಲುಬು ಕಟ್ಟುವವರೂ ಇದನ್ನೇ ಹಿಡಿದರು, ಆ ಕ್ಷೇತ್ರದ ಪೇಪರುಗಳಲ್ಲಿ ಇವತ್ತೂ ಈ ಉಲ್ಲೇಖ ಕಾಣುತ್ತದೆ. ನಮ್ಮ ನೆಲದ ಹೆಮ್ಮೆಯ ಈ ಲೇಖನ ಹುಡುಕಿದವರು ಎಲ್ಲಿ ಎಡವುತ್ತಾರೆ ನೋಡಿ.

ಮೊದಲನೆಯದು ಜರ್ನಲ್ ಹೆಸರು. ಉಲ್ಲೇಖದಲ್ಲಿ ಇರುವುದು ಜೆ. ಮ್ಯಾತ್. ಫಿಸ್. ಸೈ., ಸಂಪುಟ 13, ಪುಟ 607ರಿಂದ 613. ಕೊನೆಯ "ಸೈ." ಕಣ್ಣು ತಪ್ಪಿದರೆ ಅದು ಅಮೆರಿಕದ ಜರ್ನಲ್ ಆಫ್ ಮ್ಯಾಥಮ್ಯಾಟಿಕಲ್ ಫಿಸಿಕ್ಸ್ ಆಗಿಬಿಡುತ್ತದೆ. ಅದರ 13ನೇ ಸಂಪುಟ ಬಂದದ್ದು 1972ರಲ್ಲಿ, 607ನೇ ಪುಟದ ಸುತ್ತ ಗ್ರಾಫಿನ ಸುಳಿವೂ ಇರುವುದಿಲ್ಲ. ಸಂಪುಟಕ್ಕೂ ವರ್ಷಕ್ಕೂ ತಾಳೆ ಬರದಿದ್ದರೆ ನೀವು ಬೇರೆ ಜರ್ನಲ್‌ನಲ್ಲಿದ್ದೀರಿ ಎಂದೇ ಅರ್ಥ. ನಮಗೆ ಬೇಕಾದದ್ದು ಮದ್ರಾಸಿನ ಐಐಟಿಯಿಂದ ಬರುತ್ತಿದ್ದ ಜರ್ನಲ್ ಆಫ್ ಮ್ಯಾಥಮ್ಯಾಟಿಕಲ್ ಅಂಡ್ ಫಿಸಿಕಲ್ ಸೈನ್ಸಸ್. ಡಿಒಐ ಎಂಬ ಲೇಖನದ ಕಾಯಂ ಕೊಂಡಿ ಒತ್ತಿ ತೆರೆಯುವ ಲೇಖನವಲ್ಲ ಅದು, ಎನ್-ಲಿಸ್ಟ್ ಆಗಲಿ ಹೊಸ ಚಂದಾ ಯೋಜನೆಯಾಗಲಿ ಇಲ್ಲಿ ಕೈ ಹಿಡಿಯುವುದಿಲ್ಲ.

ಎರಡನೆಯದು ಕಾಗುಣಿತ. ನಮ್ಮ ಹೆಸರುಗಳು ಇಂಗ್ಲಿಷಿಗೆ ಹೋದಾಗ ಹತ್ತು ವೇಷ ಹಾಕುತ್ತವೆ. ಸಂಪತ್ ಕುಮಾರ್ ಎರಡು ಪದವೋ ಒಂದೋ, ವಾಲೀಕಾರ್ ಆರಂಭವಾಗುವುದು ಡಬ್ಲ್ಯೂನಿಂದಲೋ ವಿಯಿಂದಲೋ, ಇನಿಷಿಯಲ್ ಮೊದಲೋ ಕೊನೆಯೋ. ಧಾರವಾಡದ ಹೆಸರೂ ಹಾಗೆಯೇ: ಹಳೆಯ ಪೇಪರುಗಳಲ್ಲಿ ಕೊನೆಯ ಅಕ್ಷರ ಡಿ ಬದಲು ಆರ್ ಇರುತ್ತದೆ, ಸಂಸ್ಥೆಯ ಹೆಸರಿನಿಂದ ಹುಡುಕುವವರು ಎರಡನ್ನೂ ಕೊಡಬೇಕು. ಝಡ್‌ಬಿ-ಮ್ಯಾತ್, ಮ್ಯಾತ್‌ಸೈನೆಟ್ ಎರಡೂ ಪ್ರತಿ ಲೇಖಕರಿಗೂ ಒಂದು ಗುರುತು ಕೊಟ್ಟು ಬೇರೆಬೇರೆ ಕಾಗುಣಿತವನ್ನು ಅದರಡಿ ಕೂಡಿಸುತ್ತವೆ. ಒಂದು ಪೇಪರ್ ಸಿಕ್ಕರೆ ಲೇಖಕರ ಹೆಸರನ್ನು ಒತ್ತಿ, ಉಳಿದವು ತಾವಾಗಿ ಬರುತ್ತವೆ. ಗೂಗಲ್ ಸ್ಕಾಲರ್‌ಗೆ ಈ ಶಿಸ್ತು ಇಲ್ಲ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಇದಕ್ಕೆ ಯಾವ ಸಾಫ್ಟ್‌ವೇರ್ ಸಹಾಯವೂ ಇಲ್ಲ. ಒಂದೇ ಸಮಸ್ಯೆ ಎರಡು ಹೆಸರಿನಲ್ಲಿ ಬದುಕುತ್ತಿರುತ್ತದೆ. ಮೂರು ಅಥವಾ ಹೆಚ್ಚು ಶೃಂಗಗಳ ಸಂಯುಕ್ತ ಗ್ರಾಫಿನಲ್ಲಿ ಕನೆಕ್ಟೆಡ್ ಡಾಮಿನೇಶನ್ ನಂಬರಿಗೆ, ಸ್ಪ್ಯಾನಿಂಗ್ ಟ್ರೀಯೊಂದರಲ್ಲಿ (ಎಲ್ಲ ಶೃಂಗಗಳನ್ನೂ ಸುತ್ತು ಬಾರದಂತೆ ಜೋಡಿಸುವ ಮರ) ಸಿಗಬಹುದಾದ ಅತಿ ಹೆಚ್ಚು ಎಲೆಗಳ, ಅಂದರೆ ಒಂದೇ ಗೆರೆಯಿರುವ ಶೃಂಗಗಳ, ಸಂಖ್ಯೆ ಕೂಡಿಸಿದರೆ ಒಟ್ಟು ಶೃಂಗಗಳ ಸಂಖ್ಯೆ ಬರುತ್ತದೆ. ಅಂದರೆ "ಮ್ಯಾಕ್ಸಿಮಮ್ ಲೀಫ್ ಸ್ಪ್ಯಾನಿಂಗ್ ಟ್ರೀ" ಎಂಬ ಹೆಸರಿನಲ್ಲಿ ಕಂಪ್ಯೂಟರ್ ಸೈನ್ಸ್‌ನವರು ಬರೆದದ್ದೆಲ್ಲ ನಿಮ್ಮ ವಿಷಯವೇ. ಡಾಮಿನೇಶನ್ ಎಂಬ ಪದ ಹಾಕಿದವರಿಗೆ ಅದು ಕಾಣುವುದೇ ಇಲ್ಲ. ಇದಕ್ಕೆ ಮದ್ದು ಎಂದರೆ ಉಲ್ಲೇಖದ ಸರಪಳಿ: ಸೂಚಿಯಲ್ಲಿ ಈ ಪೇಪರನ್ನು ಯಾರು ಉಲ್ಲೇಖಿಸಿದ್ದಾರೆ ಎಂಬ ಪಟ್ಟಿ ತೆರೆದು, ಅಲ್ಲಿ ಪರಿಚಯವಿಲ್ಲದ ಶೀರ್ಷಿಕೆ ಕಂಡರೆ ದಾಟಿ ಹೋಗದೆ ಅದರ ಸಾರಾಂಶ ಓದುವುದು.

ಪೇಪರ್ ಯಾವುದೆಂದು ಗೊತ್ತಾದ ಮೇಲೆ ಪೂರ್ತಿ ಲೇಖನಕ್ಕೆ ಹೋಗುವ ದಾರಿಯಲ್ಲಿ ಲಾಗಿನ್ ಬೇಕಿಲ್ಲದ ನಿಲ್ದಾಣಗಳು ನೀವು ಎಣಿಸಿದ್ದಕ್ಕಿಂತ ಹೆಚ್ಚು. ಎಲ್ಸೆವಿಯರ್‌ನ ಡಿಸ್ಕ್ರೀಟ್ ಮ್ಯಾಥಮ್ಯಾಟಿಕ್ಸ್, ಲೀನಿಯರ್ ಆಲ್ಜೀಬ್ರಾ ಅಂಡ್ ಇಟ್ಸ್ ಅಪ್ಲಿಕೇಶನ್ಸ್, ಜರ್ನಲ್ ಆಫ್ ಕಾಂಬಿನೇಟೋರಿಯಲ್ ಥಿಯರಿಯಂಥ ಮುಖ್ಯ ಗಣಿತ ಜರ್ನಲ್‌ಗಳಲ್ಲಿ ಪ್ರಕಟವಾಗಿ 4 ವರ್ಷ ದಾಟಿದ ಲೇಖನ ಎಲ್ಲರಿಗೂ ತೆರೆದಿರುತ್ತದೆ. ಇದು ಗೊತ್ತಿಲ್ಲದೆ ಪೇಪರ್‌ಗಾಗಿ ಹೊರದೇಶದ ಲೇಖಕರಿಗೆ ಮೇಲ್ ಬರೆದು ಕಾಯುವವರಿದ್ದಾರೆ. ಎಲೆಕ್ಟ್ರಾನಿಕ್ ಜರ್ನಲ್ ಆಫ್ ಕಾಂಬಿನೇಟೋರಿಕ್ಸ್ 1994ರಿಂದಲೂ ಉಚಿತ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಗಣಿತ ಪ್ರೊಸೀಡಿಂಗ್ಸ್ ಅವರದ್ದೇ ತಾಣದಲ್ಲಿ ಸಿಗುತ್ತದೆ. ಫ್ರೆಂಚ್ ಹಳೆಯ ಜರ್ನಲ್‌ಗಳಿಗೆ ನ್ಯೂಮ್‌ಡ್ಯಾಮ್. ಇವೆಲ್ಲ ಆದ ಮೇಲೆ ಆರ್ಕೈವ್ ತಾಣ, ಅಲ್ಲಿ 1991ರಿಂದ ಪ್ರಿಪ್ರಿಂಟ್‌ಗಳು, ಅಂದರೆ ಜರ್ನಲ್‌ನಲ್ಲಿ ಅಚ್ಚಾಗುವ ಮೊದಲಿನ ಪ್ರತಿಗಳು, ಸೇರುತ್ತಿವೆ. ಆದರೆ ಆರ್ಕೈವ್‌ನ ಪ್ರತಿಯಿಂದ ಪ್ರಮೇಯ ಎತ್ತಿಕೊಳ್ಳುವಾಗ ಆವೃತ್ತಿ ನೋಡಿ. ಮೊದಲ ಆವೃತ್ತಿಯಲ್ಲಿ ಪ್ರಮೇಯ 3.2 ಆಗಿದ್ದದ್ದು ಅಚ್ಚಾಗುವಾಗ 4.1 ಆಗಿರಬಹುದು. ಅದಕ್ಕಿಂತ ಮುಖ್ಯವಾಗಿ, ರೆಫರಿ ಹೇಳಿದ ಮೇಲೆ ಒಂದು ಷರತ್ತು ಸೇರಿರಬಹುದು. ಪುಟದಲ್ಲಿ ಜರ್ನಲ್ ರೆಫರೆನ್ಸ್ ಎಂಬ ಸಾಲಿದ್ದರೆ ಅಚ್ಚಾದ ಪ್ರತಿಯನ್ನೇ ತರಿಸಿ ಉಲ್ಲೇಖಿಸಿ.

ದೇಶದ ಪಿಎಚ್‌ಡಿ ಮಹಾಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗೆಯನ್ನು ನಮ್ಮವರು ಬಳಸುವ ರೀತಿ ನನಗೆ ಒಪ್ಪಿಗೆಯಿಲ್ಲ. ಮಹಾಪ್ರಬಂಧದ ಮೊದಲ ಅಧ್ಯಾಯ ತೆಗೆದು ತಮ್ಮ ಪರಿಚಯ ಅಧ್ಯಾಯಕ್ಕೆ ಅಚ್ಚು ಮಾಡಿಕೊಳ್ಳುತ್ತಾರೆ, ಕೃತಿಚೌರ್ಯದ ತಪಾಸಣೆಯಲ್ಲಿ ಸಿಕ್ಕಿಬೀಳುತ್ತಾರೆ. ಅದರ ನಿಜವಾದ ಲಾಭ ಕೊನೆಯ ಫೈಲಿನಲ್ಲಿದೆ. ಪ್ರಬಂಧಗಳು ಅಧ್ಯಾಯಕ್ಕೊಂದು ಪಿಡಿಎಫ್ ಆಗಿ ಇರುತ್ತವೆ, ಗ್ರಂಥಸೂಚಿ ಬೇರೆ ಫೈಲು. ಕರ್ನಾಟಕ ವಿಶ್ವವಿದ್ಯಾಲಯದ ಗಣಿತ ವಿಭಾಗಕ್ಕೆ ಹೋಗಿ, ನಿಮ್ಮ ವಿಷಯಕ್ಕೆ ಹತ್ತಿರದ ಎರಡು ಮೂರು ಪ್ರಬಂಧಗಳ ಗ್ರಂಥಸೂಚಿ ಪಕ್ಕಪಕ್ಕ ಇಟ್ಟುಕೊಂಡರೆ ಎಲ್ಲರೂ ಹೇಳುವ ಮೂಲ ಪೇಪರುಗಳು ಯಾವುವೆಂದು ತಾನೇ ತಿಳಿಯುತ್ತದೆ. ಹಳೆಯವು ಸ್ಕ್ಯಾನ್ ಮಾಡಿದ ಚಿತ್ರಗಳಾದ್ದರಿಂದ ಒಳಗೆ ಪದ ಹುಡುಕಲು ಬರುವುದಿಲ್ಲ, ಕಣ್ಣಿಂದಲೇ ಓದಬೇಕು. ಅಲ್ಲಿಂದ ಎತ್ತಿದ ಪ್ರತಿ ಉಲ್ಲೇಖವನ್ನೂ ಸೂಚಿಯಲ್ಲಿ ತಾಳೆ ನೋಡಿಯೇ ಬಳಸಿ. ಒಬ್ಬರು ತಪ್ಪು ಪುಟಸಂಖ್ಯೆ ಬರೆದರೆ ಅದು ಪ್ರಬಂಧದಿಂದ ಪ್ರಬಂಧಕ್ಕೆ ಹಾಗೇ ಇಳಿದು ಬಂದಿರುತ್ತದೆ.

ಪುಸ್ತಕಗಳ ವಿಷಯದಲ್ಲಿ ಕಾಲೇಜಿನ ಸೇವೆ ಎಲ್ಲಕ್ಕಿಂತ ಬಡವು. ಆದರೂ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ತನ್ನ ಹಳೆಯ ಗಣಿತ ಉಪನ್ಯಾಸ ಮಾಲೆಯನ್ನು ಉಚಿತವಾಗಿ ಇಟ್ಟಿದೆ, ವಿಶ್ಲೇಷಣೆ ಮತ್ತು ಬೀಜಗಣಿತದವರು ಅದನ್ನು ಬಿಡಬಾರದು.

ಈಗ ಕೌಂಟರ್‌ಗೆ ಬರೋಣ. ಮೇಲಿನ 1979ರ ಲೇಖನದಂಥದ್ದು ಬೇಕಾದರೆ ಹಳೆಯ ಸಂಚಿಕೆಗಳನ್ನು ಸೇರಿಸಿ ಹೊಲಿದ ಬೌಂಡ್ ವಾಲ್ಯೂಮ್ ಇರುವ ಲೈಬ್ರರಿಯೇ ಗತಿ. ನಮ್ಮ ಕಡೆ ಮೊದಲು ಕೇಳಬೇಕಾದದ್ದು ಧಾರವಾಡದ ಪಾವಟೆ ನಗರದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಪ್ರೊ. ಎಸ್. ಎಸ್. ಬಸವನಾಳ ಗ್ರಂಥಾಲಯವನ್ನು. ಕೇಂಬ್ರಿಜ್‌ನಲ್ಲಿ ಗಣಿತದ ರ‍್ಯಾಂಗ್ಲರ್ ಆಗಿ ಬಂದ ಡಿ. ಸಿ. ಪಾವಟೆಯವರು ಕುಲಪತಿಯಾಗಿ ಬೆಳೆಸಿದ ವಿಶ್ವವಿದ್ಯಾಲಯ ಅದು. ಅಲ್ಲಿಗೆ ಹೊರಡುವ ಮೊದಲು ಇನ್‌ಫ್ಲಿಬ್‌ನೆಟ್‌ನ ಇಂಡ್‌ಕ್ಯಾಟ್ ಎಂಬ ಒಟ್ಟು ಸೂಚಿಯಲ್ಲಿ ಆ ಜರ್ನಲ್ ಯಾವ ವಿಶ್ವವಿದ್ಯಾಲಯದಲ್ಲಿದೆ ಎಂದು ನೋಡಿ. ಹತ್ತಿರದಲ್ಲಿ ಇಲ್ಲದಿದ್ದರೆ ನಿಮ್ಮ ಕಾಲೇಜಿನ ಲೈಬ್ರರಿಯನ್ ಇನ್ನೊಂದು ಲೈಬ್ರರಿಯಿಂದ ಪ್ರತಿ ತರಿಸಲು ಕೋರಬಹುದು. ಕಾಲೇಜು ಡೆಲ್‌ನೆಟ್ ಎಂಬ ಲೈಬ್ರರಿಗಳ ಜಾಲದ ಸದಸ್ಯನಾಗಿದ್ದರೆ ಅದೂ ಒಂದು ದಾರಿ.

ಚೀಟಿಯಲ್ಲಿ ಏನು ಬರೆದಿದ್ದೀರಿ ಎಂಬುದರ ಮೇಲೆ ಎಲ್ಲ ನಿಂತಿದೆ. ಇಬ್ಬರೂ ಲೇಖಕರ ಹೆಸರು, ಪೂರ್ತಿ ಶೀರ್ಷಿಕೆ, ಜರ್ನಲ್‌ನ ಹೆಸರು ಸಂಕ್ಷೇಪವಿಲ್ಲದೆ, ಸಂಪುಟ, ವರ್ಷ, ಮೊದಲ ಮತ್ತು ಕೊನೆಯ ಪುಟ, ಝಡ್‌ಬಿ-ಮ್ಯಾತ್ ಆ ಪೇಪರಿಗೆ ಕೊಟ್ಟ ಝಡ್‌ಬಿಎಲ್ ಸಂಖ್ಯೆ ಅಥವಾ ಮ್ಯಾತ್‌ಸೈನೆಟ್ ಕೊಟ್ಟ ಎಂಆರ್ ಸಂಖ್ಯೆ. ಇಷ್ಟಿದ್ದರೆ ಗಣಿತ ಗೊತ್ತಿಲ್ಲದ ಸಿಬ್ಬಂದಿಯೂ ನೇರ ರ‍್ಯಾಕ್‌ಗೆ ಹೋಗುತ್ತಾರೆ. ಎಸ್. ಆರ್. ರಂಗನಾಥನ್ 1924ರಲ್ಲಿ ಮದ್ರಾಸಿನಲ್ಲಿ ಗ್ರಂಥಪಾಲಕರಾಗುವ ಮೊದಲು ಗಣಿತದ ಮೇಷ್ಟ್ರಾಗಿದ್ದವರು. ಓದುಗರ ಸಮಯ ಉಳಿಸಬೇಕೆಂದು ಅವರು ಗ್ರಂಥಾಲಯಗಳಿಗೆ ಸೂತ್ರ ಹಾಕಿಕೊಟ್ಟರು, ಲೈಬ್ರರಿಯವರ ಸಮಯ ಉಳಿಸುವುದು ನಮ್ಮ ಪಾಲಿನ ಕೆಲಸ. ನಾನು ಬಲ್ಲಂತೆ, ಚೀಟಿ ಪೂರ್ತಿಯಿದ್ದಾಗ ನಮ್ಮ ಕಡೆಯ ಲೈಬ್ರರಿಗಳ ಹಿರಿಯ ಸಿಬ್ಬಂದಿ ತೋರುವ ಮುತುವರ್ಜಿಗೆ ಸಾಟಿಯಿಲ್ಲ.

ಬೇರೆ ಊರಿನಿಂದ, ಅಂದರೆ ಹಾವೇರಿ, ರಾಣೆಬೆನ್ನೂರು, ಗದಗ, ರೋಣದಿಂದ ಬರುವವರು ಮೊದಲು ಫೋನ್ ಮಾಡಿ ಸಂಪುಟ ರ‍್ಯಾಕ್‌ನಲ್ಲಿದೆಯೇ, ಬೈಂಡಿಂಗ್‌ಗೆ ಹೋಗಿದೆಯೇ ಎಂದು ಕೇಳಿ. ನಿಮ್ಮ ಕಾಲೇಜಿನ ಪ್ರಾಂಶುಪಾಲರ ಅಥವಾ ಲೈಬ್ರರಿಯನ್ ಅವರ ಪತ್ರ, ಗುರುತಿನ ಚೀಟಿ ಜೊತೆಗಿರಲಿ. ಬೌಂಡ್ ವಾಲ್ಯೂಮ್ ಮನೆಗೆ ಕೊಡುವುದಿಲ್ಲ, ಅಲ್ಲೇ ಕೂತು ಪ್ರತಿ ಮಾಡಿಕೊಳ್ಳಬೇಕು. ದಪ್ಪ ಸಂಪುಟವನ್ನು ಝೆರಾಕ್ಸ್ ಗಾಜಿನ ಮೇಲೆ ಒತ್ತಿದರೆ ಬೆನ್ನಿನ ಕಡೆಯ ಒಂದು ಬೆರಳಗಲ ಕಪ್ಪಾಗಿ, ಸೂತ್ರದ ಬಲತುದಿಯೋ ಎಡತುದಿಯೋ ನುಂಗಿಹೋಗುತ್ತದೆ, ಬೆನ್ನೂ ಒಡೆಯುತ್ತದೆ. ಒಂದೊಂದೇ ಪುಟವನ್ನು ಮೇಲಿನಿಂದ ಫೋನಿನಲ್ಲಿ ಹಿಡಿಯುವುದು ಮೇಲು, ಸ್ಕ್ಯಾನರ್ ಇದ್ದರೆ 300 ಡಿಪಿಐಗೆ ಕಡಿಮೆ ಬೇಡ. ಟೈಪ್‌ರೈಟರ್ ಕಾಲದ ಅಚ್ಚಿನಲ್ಲಿ ಕೆಳಗಿನ ಪುಟ್ಟ ಐ, ಜೆ, 1 ಒಂದೇ ತರಹ ಕಾಣುತ್ತವೆ. ಗ್ರಾಫಿನ ಪೂರಕವನ್ನು ಸೂಚಿಸುವ ಮೇಲ್ಗೆರೆ ಬೆಳಕು ಹೆಚ್ಚಾದರೆ ಮಾಯವಾಗುತ್ತದೆ, ಆಗ ಪ್ರಮೇಯದ ಅರ್ಥವೇ ತಿರುಗಿಬಿಡುತ್ತದೆ. ಸಂಪುಟ ಹಿಂದಿರುಗಿಸುವ ಮೊದಲು ಪ್ರತಿ ಸೂತ್ರವನ್ನೂ ಫೋನಿನಲ್ಲಿ ಹಿಗ್ಗಿಸಿ ಓದಿ, ಅನುಮಾನ ಬಂದದ್ದನ್ನು ಪೆನ್ಸಿಲ್‌ನಿಂದ ನಿಮ್ಮ ನೋಟ್‌ಬುಕ್‌ಗೆ ಇಳಿಸಿಕೊಳ್ಳಿ. ಸಂಪುಟದ ಶೀರ್ಷಿಕೆ ಪುಟ ಮತ್ತು ಲೇಖನದ ಕೊನೆಯ ಉಲ್ಲೇಖಗಳ ಪುಟ ಎರಡರ ಚಿತ್ರವನ್ನೂ ಮರೆಯದೆ ತೆಗೆದುಕೊಳ್ಳಿ.